ಜರ್ಮನಿಲಿ ಸಂಜೆ ಆರಕ್ಕೆ ಬ್ರೆಡ್ಡು, ನಮ್ಮನೇಲಿ ರಾತ್ರಿ ಒಂಬತ್ತೂವರೆಗೆ ಅನ್ನ ಸಾರು: ಮಗು ಯಾವಾಗ ಉಣ್ಬೇಕು?

ಪ್ರಶ್ನೆ: ಮೇಡಂ ನಮಸ್ತೆ. ನಾವು ಮೈಸೂರಿನವರು, ಸ್ಟುಟ್‌ಗಾರ್ಟ್‌ಗೆ ಬಂದು ಎರಡು ವರ್ಷ ಆಯ್ತು, ಪೂರ್ತಿ ಸಸ್ಯಾಹಾರಿಗಳು. ಮಗಳಿಗೆ ನಾಲ್ಕೂವರೆ ವರ್ಷ, ಕಿಟಾಗೆ ಹೋಗ್ತಾಳೆ (ಇಲ್ಲಿ ನರ್ಸರಿಗೆ ಹಾಗಂತಾರೆ). ಅಲ್ಲಿ ಹನ್ನೊಂದೂಮುಕ್ಕಾಲಿಗೆಲ್ಲ ಬಿಸಿ ಊಟ ಆಗ್ಬಿಡತ್ತೆ. ನಾಲ್ಕು ಗಂಟೆಗೆ ಕರ್ಕೊಂಡ್ಬರ್ತೀನಿ, ಅಲ್ಲಿ ಏನ್ ತಿಂದ್ಲೋ ಏನೋ ಅಂತ ಬಂದ ತಕ್ಷಣ ಅನ್ನ ಸಾರು ಕಲಸಿ ತಿನ್ನಿಸ್ತೀನಿ. ನಮ್ಮೆಜಮಾನ್ರು ಬರೋದು ಎಂಟರ ಮೇಲೆ, ವಾರಕ್ಕೆ ಎರಡು ದಿನ ಮಾತ್ರ ಮನೆಯಿಂದ ಕೆಲಸ. ಎಲ್ರೂ ಒಟ್ಟಿಗೆ ಕೂತು ಉಣ್ಣೋದು ಒಂಬತ್ತೂವರೆಗೆ, ಆಗ ಮಗಳು ಮೊಬೈಲ್ ಹಾಕ್ಕೊಟ್ರೆ ನಾಲ್ಕು ತುತ್ತು, ಇಲ್ಲಾಂದ್ರೆ ಅದೂ ಇಲ್ಲ. ಮಲಗೋದು ಹತ್ತೂಮುಕ್ಕಾಲು, ಬೆಳಿಗ್ಗೆ ಆರೂವರೆಗೆ ಎಬ್ಬಿಸಿದ್ರೆ ಅಳು. ಹೋದ ತಿಂಗಳು ಕಿಟಾ ಟೀಚರ್ ಕರೆದು "ಮಗು ಬೆಳಿಗ್ಗೆ ಮಂಕಾಗಿರತ್ತೆ, ಊಟದ ಟೇಬಲ್ ಮುಂದೆ ಯಾರಾದ್ರೂ ತಿನ್ನಿಸ್ಲಿ ಅಂತ ಕಾಯ್ತಾ ಕೂತಿರತ್ತೆ" ಅಂದ್ರು, ನಂಗೆ ಅಳುನೇ ಬಂತು. ಪಕ್ಕದ ಮನೆ ಜರ್ಮನ್ನರು ಆರು ಗಂಟೆಗೆ ಬ್ರೆಡ್ಡು, ಚೀಸು, ಸೌತೆಕಾಯಿ ಇಟ್ಟು ಏಳೂವರೆಗೆ ಮಕ್ಕಳನ್ನ ಮಲಗಿಸಿರ್ತಾರೆ. ನಾವೂ ಹಂಗೇ ಮಾಡೋಣ ಅಂದ್ರೆ ಅತ್ತೆ ಫೋನಲ್ಲಿ "ಬ್ರೆಡ್ಡು ಜ್ವರ ಬಂದೋರ ಊಟ ಕಣಮ್ಮ, ರಾತ್ರಿ ಹೊತ್ತು ತಣ್ಣಗಿರೋದು ಕೊಟ್ರೆ ಶೀತ ಆಗತ್ತೆ, ಅನ್ನ ಇಲ್ದೆ ಮಗೂಗೆ ನಿದ್ದೆ ಹೆಂಗ್ ಬರತ್ತೆ" ಅಂತಾರೆ. ಅತ್ತೆ ಜೂನಲ್ಲಿ ಮೂರು ತಿಂಗಳಿಗೆ ಬರ್ತಿದಾರೆ, ಅವರಿಗೆ ಶುಗರ್ ಇದೆ, ಮಾತ್ರೆ ತಗೋತಾರೆ, ಸಂಜೆ ದೀಪ ಹಚ್ಚದೆ ಊಟ ಮಾಡಲ್ಲ. ನಾವು ಇಲ್ಲಿನವರ ಥರ ಬದಲಾಗ್ಬೇಕಾ? ಬದಲಾದ್ರೆ ಮಗಳು ನಮ್ಮೂಟ ಮರೆತ್ಬಿಡ್ತಾಳಾ?

ಉತ್ತರ: ಮೊದಲು ಒಂದು ಮಾತು, ಟೀಚರ್ ಹೇಳಿದ್ದನ್ನ ನೀವು ನಿಮ್ಮ ಮೇಲೆ ತಪ್ಪು ಹೊರಿಸಿದ್ರು ಅಂತ ತಗೋಬೇಡಿ. ಆಸ್ಪತ್ರೆಲಿ ಡಯೆಟಿಷಿಯನ್ ಆಗಿರೋದ್ರ ಜೊತೆಗೆ ನಾನು ಹೊರದೇಶದಲ್ಲಿರೋ ನಮ್ಮ ಕಡೆ ಮನೆಗಳವರ ಜೊತೆ ವಿಡಿಯೋ ಕಾಲಲ್ಲಿ ಮಾತಾಡ್ತಾ ಇರ್ತೀನಿ, ನೀವು ಬರೆದಿರೋ ಈ ದಿನಚರಿ ಇದೆಯಲ್ಲ, ನಾಲ್ಕಕ್ಕೆ ಅನ್ನ ಒಂಬತ್ತೂವರೆಗೆ ಊಟ, ಇದು ಹೆಚ್ಚುಕಮ್ಮಿ ಎಲ್ಲಾ ಮನೆಲೂ ಕೇಳಿಬರತ್ತೆ. ಮಗು ಹಸ್ಕೊಂಡಿರ್ಬಾರ್ದು ಅನ್ನೋ ಪ್ರೀತಿಯಿಂದ ಒಂದೊಂದಾಗಿ ಸೇರ್ಕೊಂಡ ಅಭ್ಯಾಸಗಳು ಇವು, ಒಟ್ಟಿಗೆ ಸೇರಿದಾಗ ಮಗು ಹೊಟ್ಟೆಗೂ ನಿದ್ದೆಗೂ ಹೊಂದ್ತಾ ಇಲ್ಲ, ಅಷ್ಟೇ.

ನಿಮ್ಮ ಪತ್ರದಲ್ಲಿ ಏನು ತಿನ್ನೋದು, ಯಾವಾಗ ತಿನ್ನೋದು, ಯಾರ ಕೈಯಲ್ಲಿ ತಿನ್ನೋದು ಅನ್ನೋ ಮೂರು ಪ್ರಶ್ನೆ ಒಂದಕ್ಕೊಂದು ಸುತ್ಕೊಂಡಿವೆ. ನೀವು ಮೂರನ್ನೂ ಒಂದೇ ಗಂಟು ಮಾಡಿ "ಜರ್ಮನ್ನರ ಥರ ಆಗೋದಾ, ನಮ್ಮ ಥರ ಇರೋದಾ" ಅಂತ ಕೇಳ್ತಿದೀರ. ಆ ಗಂಟು ಬಿಚ್ಚಿದ್ರೆ ಅರ್ಧ ಚಿಂತೆ ಕಮ್ಮಿ ಆಗತ್ತೆ ಯಾಕಂದ್ರೆ ಹೊತ್ತು ಬದಲಾಯಿಸೋಕೆ ಊಟ ಬದಲಾಯಿಸ್ಬೇಕಾಗಿಲ್ಲ. ಆರೂಕಾಲಿಗೆ ಅನ್ನ ಹುಳಿ ಉಣ್ಣೋದಕ್ಕೆ ಯಾವ ಅಡ್ಡಿನೂ ಇಲ್ಲ.

ಈ ಊಟದ ಹೊತ್ತು ಅನ್ನೋದನ್ನ ನಾವು ಎಲ್ರೂ ತುಂಬ ಪವಿತ್ರ ಮಾಡ್ಕೊಂಡಿದೀವಿ, ಆದ್ರೆ ಎಲ್ಲಾ ದೇಶದಲ್ಲೂ ಅದನ್ನ ತೀರ್ಮಾನ ಮಾಡಿರೋದು ದುಡಿಮೆ, ಬೆಳಕು, ಗಡಿಯಾರ. ನಿಮ್ಮ ಪಕ್ಕದ ಮನೆಯವರ ಆ ತಣ್ಣನೆ ರಾತ್ರಿ ಊಟಕ್ಕೆ ಉತ್ತರ ಜರ್ಮನಿ ಕಡೆ ಆಬೆಂಡ್‌ಬ್ರೋಟ್ ಅಂತಾರೆ, ನಿಮ್ಮ ಸ್ಟುಟ್‌ಗಾರ್ಟ್ ಸುತ್ತ ಫೆಸ್ಪರ್ ಅಂತಾರೆ. ಅದೇನು ಸಾವಿರಾರು ವರ್ಷದ ಆಚಾರ ಅಲ್ಲ, ಫ್ಯಾಕ್ಟರಿಗಳಲ್ಲಿ ಕ್ಯಾಂಟೀನ್ ಬಂದು ಮಧ್ಯಾಹ್ನವೇ ಬಿಸಿ ಊಟ ಸಿಗೋ ಹಾಗೆ ಆದ್ಮೇಲೆ, ಹೆಂಗಸರೂ ಕೆಲಸಕ್ಕೆ ಹೋಗೋಕೆ ಶುರು ಮಾಡಿದ್ಮೇಲೆ, ಸಂಜೆ ಮತ್ತೆ ಒಲೆ ಹಚ್ಚೋ ಅಗತ್ಯ ಇಲ್ಲ ಅಂತಾಗಿ ಕಳೆದ ಶತಮಾನದಲ್ಲಿ ಗಟ್ಟಿಯಾದ ರೂಢಿ. ಅಂದ್ರೆ ಅವರು ಬಿಸಿ ಊಟ ಬಿಟ್ಟಿಲ್ಲ, ಮಧ್ಯಾಹ್ನಕ್ಕೆ ಇಟ್ಕೊಂಡಿದಾರೆ. ಇದು ನಿಮಗೆ ಮುಖ್ಯ, ಯಾಕಂದ್ರೆ ನಿಮ್ಮ ಮಗಳೂ ಆ ಬಿಸಿ ಊಟ ಕಿಟಾದಲ್ಲಿ ಮಾಡಿ ಬರ್ತಿದಾಳೆ.

ನಾರ್ವೆಗೆ ಹೋದ್ರೆ ಉಲ್ಟಾ, ಅಲ್ಲಿ ಮಧ್ಯಾಹ್ನ ಮನೆಯಿಂದ ಕಟ್ಕೊಂಡು ಹೋದ ಬ್ರೆಡ್ ತುಂಡು, ಬಿಸಿ ಊಟ ಆಫೀಸ್ ಮುಗಿಸಿ ಬಂದು ಸಂಜೆ ನಾಲ್ಕೈದು ಗಂಟೆಗೆ. ಸ್ಪೇನಲ್ಲಿ ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿದು ಒಂಬತ್ತು ಹತ್ತು ಗಂಟೆ, ಅದನ್ನ ತೋರಿಸಿ "ನೋಡಿ ಅವರೂ ಲೇಟಾಗೇ ತಿಂತಾರೆ" ಅಂತ ನಂಗೆ ತುಂಬ ಜನ ಹೇಳ್ತಾರೆ, ಆದ್ರೆ ಅದರಲ್ಲಿ ಒಂದು ವಿಷಯ ಇದೆ. ಸ್ಪೇನ್ ಭೂಪಟದಲ್ಲಿ ಇರೋದು ಇಂಗ್ಲೆಂಡಿನ ಸಾಲಲ್ಲಿ, 1940ರಲ್ಲಿ ಅಲ್ಲಿನ ಸರ್ವಾಧಿಕಾರಿ ಫ್ರಾಂಕೊ ಸರ್ಕಾರ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿ ಜರ್ಮನಿ ಟೈಮಿಗೆ ಹೊಂದಿಸ್ತು, ಆಮೇಲೆ ವಾಪಸ್ ತಿರುಗಿಸ್ಲೇ ಇಲ್ಲ. ಹಾಗಾಗಿ ಗಡಿಯಾರದಲ್ಲಿ ಒಂಬತ್ತೂವರೆ ಅಂದ್ರೂ ಸೂರ್ಯನ ಲೆಕ್ಕದಲ್ಲಿ ಅಷ್ಟು ಲೇಟ್ ಅಲ್ಲ. ಅಷ್ಟೂ ಸಾಲದು ಅಂತ ಅಲ್ಲಿನ ಮಕ್ಕಳಿಗೆ ಸಂಜೆ ಐದಾರರ ನಡುವೆ ಮೆರಿಯೆಂಡಾ ಅಂತ ಒಂದು ತಿಂಡಿ ಕಡ್ಡಾಯವಾಗಿ ಇರತ್ತೆ.

ಇನ್ನು ನಮ್ಮ ಕಡೆನೇ ನೋಡಿ. ರಾತ್ರಿ ಒಂಬತ್ತೂವರೆ ಊಟ ನಮ್ಮ ಸಂಪ್ರದಾಯ ಅಂತ ಅತ್ತೆ ಅಂದ್ಕೊಂಡಿದ್ರೆ ಅವರ ಅತ್ತೆ ಕಾಲದ ಮೈಸೂರನ್ನ ನೆನಪು ಮಾಡ್ಕೊಳ್ಳೋಕೆ ಹೇಳಿ. ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೇ ಪೂರ್ತಿ ಊಟ ಮಾಡಿ ಆಫೀಸಿಗೆ ಹೋಗ್ತಿದ್ರು, ಮಧ್ಯಾಹ್ನ ಮೂರು ನಾಲ್ಕಕ್ಕೆ ತಿಂಡಿ ಕಾಫಿ, ರಾತ್ರಿ ಎಂಟರೊಳಗೆ ಊಟ ಮುಗಿದಿರ್ತಿತ್ತು. ಹಳ್ಳಿಲಿ ಕರೆಂಟ್ ಬರೋಕೆ ಮುಂಚೆ ಕತ್ತಲಾಗ್ತಿದ್ದಂಗೆ ಮುದ್ದೆ ಉಂಡು ಮಲಗ್ತಿದ್ರು. ನಮ್ಮ ಜೈನರ ಮನೆಗಳಲ್ಲಿ, ಮೂಡಬಿದಿರೆ ಕಡೆಯವರನ್ನೇ ಕೇಳಿ, ಸೂರ್ಯ ಮುಳುಗೋಕೆ ಮುಂಚೆ ಊಟ ಮುಗಿಸೋ ನಿಯಮವನ್ನ ಇವತ್ತಿಗೂ ಪಾಲಿಸೋರು ಇದಾರೆ. ಒಂಬತ್ತೂವರೆ ಊಟ ನಮಗೆ ಬಂದಿರೋದು ಬೆಂಗಳೂರು ಟ್ರಾಫಿಕ್ಕು, ಟೀವಿ ಧಾರಾವಾಹಿ, ಆಫೀಸ್ ಕಾಲ್ ಇವುಗಳಿಂದ. ಅದನ್ನ ಬಿಟ್ರೆ ಸಂಸ್ಕೃತಿ ಬಿಟ್ಟ ಹಾಗೆ ಆಗಲ್ಲ, ಈ ಮಾತನ್ನ ನಾನು ಪೂರ್ತಿ ಮನಸ್ಸಿಂದ ಹೇಳ್ತಿದೀನಿ.

ಈಗ ಅತ್ತೆ ಮಾತಿಗೆ ಬರೋಣ. ಬ್ರೆಡ್ ಅಂದ್ರೆ ಜ್ವರದ ಊಟ ಅನ್ನೋದರಲ್ಲಿ ಅವರದ್ದು ಏನೂ ತಪ್ಪಿಲ್ಲ, ನಮ್ಮಲ್ಲಿ ಆಸ್ಪತ್ರೆಗೆ ನೋಡೋಕೆ ಹೋಗೋವಾಗ ಒಂದು ಪೌಂಡ್ ಬ್ರೆಡ್ಡು, ಎರಡು ಮೂಸಂಬಿ ಹಿಡ್ಕೊಂಡು ಹೋಗಿದ್ದೇ ಅಲ್ವಾ, ಹಾಲಲ್ಲಿ ಅದ್ದಿ ತಿಂದ ಆ ಬಿಳಿ ಮೈದಾ ಬ್ರೆಡ್ಡೇ ಅವರಿಗೆ ಗೊತ್ತಿರೋದು. ಅಲ್ಲಿನ ಬೇಕರಿಲಿ ಸಿಗೋ ರೈ ಅನ್ನೋ ಧಾನ್ಯದ ಹಿಟ್ಟಿನ ಕಪ್ಪು ಬ್ರೆಡ್ಡು ಬೇರೆ ಪದಾರ್ಥ. ಅದನ್ನ ಹುಳಿ ಹಿಟ್ಟು ಹಾಕಿ ನಿಧಾನಕ್ಕೆ ಹುದುಗಿಸ್ತಾರೆ, ನಾವು ದೋಸೆ ಹಿಟ್ಟು ಹುದುಗಿಸೋ ಹಾಗೆ, ಹುದುಗಿದಾಗ ಧಾನ್ಯದಲ್ಲಿರೋ ಕಬ್ಬಿಣ ಸತು ಮೈಗೆ ಹತ್ತೋದು ಸುಲಭ ಆಗತ್ತೆ, ನಾರು ಜಾಸ್ತಿ, ಬಿಳಿ ಅನ್ನಕ್ಕಿಂತ ನಿಧಾನಕ್ಕೆ ಜೀರ್ಣ ಆಗತ್ತೆ. ಜರ್ಮನಿಯ ಯುನೆಸ್ಕೋ ಸಮಿತಿ 2014ರಲ್ಲಿ ಬ್ರೆಡ್ ಸಂಸ್ಕೃತಿನ ಆ ದೇಶದ ಪರಂಪರೆ ಪಟ್ಟಿಗೆ ಸೇರಿಸಿದೆ ಅಂದ್ರೆ ಅವರಿಗೆ ಅದು ನಮ್ಮ ಮುದ್ದೆ ರೊಟ್ಟಿಯಷ್ಟೇ ಅಭಿಮಾನದ ವಸ್ತು. ಆದ್ರೆ ಸೂಪರ್ ಮಾರ್ಕೆಟ್ಟಲ್ಲಿ ಟೋಸ್ಟ್ ಬ್ರೆಡ್ ಅಂತ ಚೌಕಾಕಾರದ ಮೆತ್ತನೆದು ಸಿಗತ್ತಲ್ಲ, ಮಕ್ಕಳು ಇಷ್ಟ ಪಡೋದು ಅದನ್ನೇ, ಅದು ಅತ್ತೆ ಹೇಳೋ ಬ್ರೆಡ್ಡೇ, ಅದನ್ನ ದಿನಾ ರಾತ್ರಿ ಊಟ ಅಂತ ಕೊಟ್ರೆ ನಾನೂ ಅತ್ತೆ ಪರ.

ತಣ್ಣಗಿರೋದು ತಿಂದ್ರೆ ಶೀತ ಅನ್ನೋದು ನಿಜ ಅಲ್ಲ. ನೆಗಡಿ ಬರೋದು ವೈರಸ್ಸಿಂದ, ಕಿಟಾಗೆ ಹೋಗೋ ಮಕ್ಕಳಿಗೆ ವರ್ಷಕ್ಕೆ ಎಂಟು ಹತ್ತು ಸಲ ಬರೋದು ಸಾಮಾನ್ಯ, ಅದು ಬ್ರೆಡ್ ತಿಂದ್ರೂ ಬರತ್ತೆ ಬಿಸಿ ರಸಂ ಕುಡಿದ್ರೂ ಬರತ್ತೆ. ಆದ್ರೆ ಡಿಸೆಂಬರ್ ಚಳಿಲಿ ಸಂಜೆ ಬಿಸಿಯಾಗಿ ಏನಾದ್ರೂ ಒಳಗೆ ಹೋದ್ರೆ ಮನಸ್ಸಿಗೆ ಹಿತ ಅನ್ನೋದು ಸುಳ್ಳಲ್ಲ, ಆ ಹಿತ ಬೇಕು ಅನ್ಸಿದ್ರೆ ಒಂದು ಬಟ್ಟಲು ಬೇಳೆ ಕಟ್ಟಿನ ಸಾರು ಬ್ರೆಡ್ ಪಕ್ಕದಲ್ಲಿ ಇಡಿ, ಯಾರೂ ಬೇಡ ಅನ್ನಲ್ಲ.

ಅನ್ನ ಇಲ್ದೆ ನಿದ್ದೆ ಬರಲ್ಲ ಅನ್ನೋದೂ ಹಾಗೇ. ಮಗೂಗೆ ನಿದ್ದೆ ಬರೋಕೆ ಹೊಟ್ಟೆ ತುಂಬಿರ್ಬೇಕು, ಕತ್ತಲಿರ್ಬೇಕು, ದಿನಾ ಒಂದೇ ಹೊತ್ತಿಗೆ ಮಲಗಿಸ್ಬೇಕು. ಇಲ್ಲೊಂದು ಲೆಕ್ಕ ಹೇಳ್ತೀನಿ, ನೋಡಿ. ನಾಲ್ಕರಿಂದ ಆರು ವರ್ಷದ ಮಗೂಗೆ ದಿನಕ್ಕೆ ಸುಮಾರು 16 ಗ್ರಾಂ ಪ್ರೋಟೀನ್ ಬೇಕು ಅಂತ ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪಟ್ಟಿ ಹೇಳತ್ತೆ. ಒಂದು ಸ್ಲೈಸ್ ರೈ ಬ್ರೆಡ್ಡು, ಮೇಲೊಂದು 30 ಗ್ರಾಂ ಚೀಸು ಅಂದ್ರೆ ಹತ್ತು ಗ್ರಾಂ ಹತ್ರ ಆಯ್ತು. ಒಂದು ಸಣ್ಣ ಬಟ್ಟಲು ಅನ್ನಕ್ಕೆ ತೆಳ್ಳಗಿನ ತಿಳಿ ಸಾರು ಹಾಕಿ ಕಲಸಿದ್ರೆ ಎರಡು ಮೂರು ಗ್ರಾಂ. ಹಾಗಂತ ನಮ್ಮೂಟ ಕೆಟ್ಟದ್ದು ಅಂತಲ್ಲ, ಅದೇ ಅನ್ನಕ್ಕೆ ಗಟ್ಟಿ ಬೇಳೆ ಹುಳಿ, ಕೊನೆಗೆ ಮೊಸರು ಹಾಕಿದ್ರೆ ಬ್ರೆಡ್ಡಿಗೆ ಸಮ ಆಗತ್ತೆ. ಮಕ್ಕಳು ಸುಲಭವಾಗಿ ನುಂಗ್ಲಿ ಅಂತ ನಾವು ಸಾರನ್ನ ತೆಳ್ಳಗೆ ಮಾಡ್ತಾ ಹೋಗ್ತೀವಲ್ಲ, ಅಲ್ಲಿ ಎಡವೋದು.

ಹಾಗಾದ್ರೆ ತೊಂದ್ರೆ ಎಲ್ಲಿದೆ? ನಿದ್ದೆಲಿ. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲು ನಿದ್ದೆನೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಹತ್ತೂಮುಕ್ಕಾಲಿಗೆ ಮಲಗಿ ಆರೂವರೆಗೆ ಎದ್ರೆ ಎಂಟು ಗಂಟೆನೂ ಆಗಲ್ಲ. ಕಿಟಾದಲ್ಲಿ ಅವಳು ಮಂಕಾಗಿರೋದಕ್ಕೆ ಮೊದಲು ಅನುಮಾನ ಪಡ್ಬೇಕಾದ್ದು ಇದನ್ನೇ. ನಮ್ಮೂರಲ್ಲಿ ಎಷ್ಟೋ ಮಕ್ಕಳು ಹತ್ತೂವರೆಗೆ ಮಲಗಿದ್ರೂ ಬೆಳಿಗ್ಗೆ ಎಂಟರ ತನಕ ಮಲಗಿರ್ತಾರೆ, ಮಧ್ಯಾಹ್ನ ಅಜ್ಜಿ ಪಕ್ಕದಲ್ಲಿ ಎರಡು ಗಂಟೆ ನಿದ್ದೆ ಹೊಡೀತಾರೆ, ಅಲ್ಲಿಗೆ ಲೆಕ್ಕ ಸರಿ ಹೋಗತ್ತೆ. ನೀವು ಸಂಜೆನ ಮೈಸೂರಿನ ಥರ ಇಟ್ಕೊಂಡು ಬೆಳಿಗ್ಗೆನ ಸ್ಟುಟ್‌ಗಾರ್ಟ್ ಥರ ಮಾಡಿದೀರ, ನಡುವೆ ಮಗು ನಿದ್ದೆ ಕತ್ತರಿಸಿ ಹೋಗಿದೆ.

ಮೈ ಒಳಗೂ ಒಂದು ಗಡಿಯಾರ ಇದೆ, ಅದು ಹೇಗೆ ನಡೆಯತ್ತೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ರಾತ್ರಿ ನಿದ್ದೆ ಹಾರ್ಮೋನು ಮೆಲಟೋನಿನ್ ಏರ್ತಾ ಹೋದ ಹಾಗೆ ರಕ್ತದಲ್ಲಿ ಶುಗರ್ ಇಳಿಸೋ ಇನ್ಸುಲಿನ್ ಕೆಲಸ ಮಂದ ಆಗತ್ತೆ, ಅದಕ್ಕೇ ಅದೇ ಅನ್ನ ಮಧ್ಯಾಹ್ನ ಉಂಡ್ರೆ ಏರೋದಕ್ಕಿಂತ ರಾತ್ರಿ ಉಂಡ್ರೆ ಶುಗರ್ ಜಾಸ್ತಿ ಏರತ್ತೆ. ಇದು ಮಗಳಿಗಿಂತ ನಿಮ್ಮ ಯಜಮಾನ್ರಿಗೆ, ಅತ್ತೆಗೆ ಹೆಚ್ಚು ಅನ್ವಯಿಸತ್ತೆ. ಸ್ಪೇನಲ್ಲೇ ತೂಕ ಇಳಿಸೋಕೆ ಬಂದಿದ್ದ 420 ಜನರನ್ನ ಗಮನಿಸಿ 2013ರಲ್ಲಿ ಒಂದು ಅಧ್ಯಯನ ಬಂತು, ಮಧ್ಯಾಹ್ನದ ದೊಡ್ಡ ಊಟವನ್ನ ಮೂರು ಗಂಟೆ ಒಳಗೆ ಮಾಡಿದವರು, ಲೇಟಾಗಿ ಮಾಡಿದವರಿಗಿಂತ ಹೆಚ್ಚು ತೂಕ ಇಳಿಸಿದ್ರು, ತಿಂದಿದ್ದು ಹೆಚ್ಚುಕಮ್ಮಿ ಒಂದೇ ಪ್ರಮಾಣ ಆಗಿದ್ರೂ. ಹಾಗಂತ ಎಂಟು ಗಂಟೆ ಮೇಲೆ ತಿಂದಿದ್ದೆಲ್ಲ ಕೊಬ್ಬಾಗತ್ತೆ ಅಂತ ವಾಟ್ಸಾಪಲ್ಲಿ ಓಡಾಡೋದನ್ನ ನಂಬ್ಬೇಡಿ. ಎಂಟು ಅನ್ನೋ ಅಂಕಿಗೆ ಯಾವ ಮಹತ್ವನೂ ಇಲ್ಲ, ಮಲಗೋದಕ್ಕೂ ಊಟಕ್ಕೂ ಒಂದೂವರೆ ಎರಡು ಗಂಟೆ ಅಂತರ ಇರ್ಬೇಕು, ದಿನಾ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಇರ್ಬೇಕು, ಅದೇ ಮುಖ್ಯ.

ನಾಲ್ಕು ಗಂಟೆ ಅನ್ನದ ವಿಷಯ ಈಗ. ಕಿಟಾದಲ್ಲಿ ತಿಂದ್ಲೋ ಇಲ್ವೋ ಅನ್ನೋ ಗಾಬರಿಲಿ ನೀವು ಅದನ್ನ ಕೊಡ್ತಿದೀರ, ಅದು ಪೂರ್ತಿ ಒಂದು ಊಟ. ಅದಾದ್ಮೇಲೆ ಆರಕ್ಕೆ ಹಸಿವಾಗಲ್ಲ, ಒಂಬತ್ತೂವರೆಗೆ ನಿದ್ದೆ ಕಣ್ಣು, ಆಗ ಮೊಬೈಲ್ ಬೇಕೇ ಬೇಕು. ಮೊದಲು ಕಿಟಾದಲ್ಲಿ ಊಟದ ಪಟ್ಟಿ ಕೇಳಿ ಇಸ್ಕೊಳ್ಳಿ, ವಾರದ್ದು ಬಾಗಿಲ ಹತ್ರನೇ ಅಂಟಿಸಿರ್ತಾರೆ, ಮಗು ನಿಜಕ್ಕೂ ಎಷ್ಟು ತಿನ್ನತ್ತೆ ಅಂತ ಒಂದು ವಾರ ಬರೆದುಕೊಡೋಕೆ ಕೇಳಿ, ಖುಷಿಯಿಂದ ಕೊಡ್ತಾರೆ. ಕೆಲವು ದಿನ ಮಿಲ್ಶ್‌ರೈಸ್ ಅಂತ ಹಾಲಲ್ಲಿ ಬೇಯಿಸಿದ ಸಿಹಿ ಅನ್ನಕ್ಕೆ ದಾಲ್ಚಿನ್ನಿ ಸಕ್ಕರೆ ಉದುರಿಸಿ ಅದನ್ನೇ ಮಧ್ಯಾಹ್ನದ ಊಟ ಅಂತ ಕೊಡ್ತಾರೆ, ಮಗು ಬಂದು "ಇವತ್ತು ಊಟಕ್ಕೆ ಪಾಯಸ" ಅಂದ್ರೆ ಸುಳ್ಳು ಹೇಳ್ತಿದೆ ಅಂದ್ಕೋಬೇಡಿ. ಆ ದಿನ ಸಂಜೆ ಬೇಳೆ ತರಕಾರಿ ಜಾಸ್ತಿ ಇಡಿ. ನಿಮ್ಮ ಸ್ವೇಬಿಯಾ (ಸ್ಟುಟ್‌ಗಾರ್ಟ್ ಸುತ್ತಲ ಸೀಮೆ) ಕಡೆ ಮಸೂರ ಬೇಳೆಗೆ ಶ್ಪೆಟ್ಸ್ಲೆ ಅಂತ ಹಿಟ್ಟಿನ ಶಾವಿಗೆ ಥರದ್ದು ಹಾಕಿ ಕೊಡೋದು ಮನೆ ಮನೆ ಊಟ, ನಮ್ಮ ಮಕ್ಕಳಿಗೆ ಬೇಗ ಹಿಡಿಸತ್ತೆ, ಆದ್ರೆ ಬೇಳೆನ ಹಂದಿ ಮಾಂಸದ ತುಣುಕು ಹಾಕಿ ಬೇಯಿಸೋ ರೂಢಿ ಇದೆ, ಶ್ಪೆಟ್ಸ್ಲೆ ಹಿಟ್ಟಿಗೆ ಮೊಟ್ಟೆ ಹಾಕ್ತಾರೆ, ಅದನ್ನ ಒಮ್ಮೆ ಕೇಳಿ ತಿಳ್ಕೊಳ್ಳಿ. ಚೀಸಲ್ಲೂ ಅಷ್ಟೇ, ಕೆಲವು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಲ್ಲಿ ಮಾಡಿದ್ದು, ಪಾರ್ಮೆಸಾನ್ ಯಾವಾಗ್ಲೂ ಹಾಗೇ, ಪೊಟ್ಟಣದ ಮೇಲೆ ಮೈಕ್ರೋಬಿಯೆಲ್ಲೆಸ್ ಲಾಬ್ (ಸೂಕ್ಷ್ಮಜೀವಿಗಳಿಂದ ಮಾಡಿದ ಹೆಪ್ಪು) ಅಂತ ಇದ್ರೆ ನಿಮಗೆ ನಡಿಯತ್ತೆ. ಎಷ್ಟೋ ಗಮ್ಮಿ ಮಿಠಾಯಿಗಳಲ್ಲಿ ಪ್ರಾಣಿಗಳ ಚರ್ಮ ಮೂಳೆಯಿಂದ ಮಾಡೋ ಜೆಲಟಿನ್ ಇರತ್ತೆ.

ಈಗ ನಿಮ್ಮ ಮುಂದಿರೋ ದಾರಿಗಳು. ಪಕ್ಕದ ಮನೆಯವರ ಹಾಗೆ ಪೂರ್ತಿ ತಣ್ಣನೆ ಊಟಕ್ಕೆ ಹೋಗೋದು ಒಂದು. ಅಡುಗೆ ಕೆಲಸ ಉಳಿಯತ್ತೆ, ಮಗು ತಾನೇ ಬ್ರೆಡ್ಡಿಗೆ ಬೆಣ್ಣೆ ಸವರ್ಕೊಂಡು ತಿನ್ನೋದು ಕಲಿಯತ್ತೆ. ಇದರಲ್ಲಿ ಅಪಾಯ ಉಪ್ಪು. ಬ್ರಿಟನ್ನಿನ ಆರೋಗ್ಯ ಸೇವೆ ನಾಲ್ಕರಿಂದ ಆರು ವರ್ಷದವರಿಗೆ ದಿನಕ್ಕೆ 3 ಗ್ರಾಂ ಉಪ್ಪು ಮಿತಿ ಅನ್ನತ್ತೆ, ಎರಡು ದಪ್ಪ ಸ್ಲೈಸ್ ಬ್ರೆಡ್ಡಲ್ಲೇ ಒಂದು ಗ್ರಾಂ ದಾಟಬಹುದು, ಚೀಸು, ಉಪ್ಪಿನ ಸೌತೆ ಸೇರಿದ್ರೆ ಮಿತಿ ಹತ್ರ ಬಂದ್ಬಿಡ್ತು. ಚೀಸ್ ಬದಲು ಕೆಲವು ದಿನ ಕ್ವಾರ್ಕ್ ಕೊಡಿ, ಗಟ್ಟಿ ಮೊಸರಿನ ಥರ ಇರತ್ತೆ, 100 ಗ್ರಾಮಿಗೆ 12 ಗ್ರಾಂ ಪ್ರೋಟೀನು, ಉಪ್ಪು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಅದಕ್ಕೆ ಕೊತ್ತಂಬರಿ, ಸೌತೆಕಾಯಿ ತುರಿ, ಒಗ್ಗರಣೆ ಹಾಕಿ, ನಮ್ಮ ಮೊಸರು ಬಜ್ಜಿನೇ ಆಯ್ತು, ಬ್ರೆಡ್ ಮೇಲೆ ಹಚ್ಚಿ.

ಎರಡನೇದು, ನಾನು ನಿಮಗೆ ಹೇಳೋದು ಇದನ್ನೇ: ನಮ್ಮ ಬಿಸಿ ಊಟನೇ, ಆದ್ರೆ ಆರೂಕಾಲು ಆರೂವರೆಗೆ. ನಾಲ್ಕು ಗಂಟೆಗೆ ಒಂದು ಬಾಳೆಹಣ್ಣು ಅಥವಾ ಸೇಬಿನ ಹೋಳು, ಸ್ವಲ್ಪ ಮೊಸರು, ಅಷ್ಟೇ (ಇಡೀ ಕಡ್ಲೆಬೀಜ, ಬಾದಾಮಿ ಓಡಾಡ್ತಾ ತಿನ್ನೋಕೆ ಕೊಡ್ಬೇಡಿ, ಗಂಟಲಿಗೆ ಸಿಕ್ಕೊಳ್ಳತ್ತೆ). ಆರೂವರೆಗೆ ನೀವೂ ಅವಳ ಜೊತೆ ಕೂತು ಊಟ ಮಾಡಿ, ಎಂಟಕ್ಕೆ ದೀಪ ಆರಿಸಿ. ಇದರ ಕಷ್ಟ ಏನು ಅಂದ್ರೆ ಅಪ್ಪನ ಜೊತೆ ಊಟ ತಪ್ಪತ್ತೆ, ನಿಮಗೂ ಅದು ಬೇಜಾರು ಅಂತ ಪತ್ರದಲ್ಲೇ ಗೊತ್ತಾಗತ್ತೆ. ಅವರು ಮನೇಲಿರೋ ಆ ಎರಡು ದಿನ, ಶನಿವಾರ ಭಾನುವಾರ, ಒಟ್ಟು ನಾಲ್ಕು ದಿನ ಎಲ್ರೂ ಆರೂವರೆಗೆ ಕೂರಿ. ಮಿಕ್ಕ ದಿನ ಬೆಳಿಗ್ಗೆ ತಿಂಡಿಗೆ ಅಪ್ಪ ಮಗಳು ಒಟ್ಟಿಗೆ ಕೂರ್ಲಿ, ಕುಟುಂಬದ ಊಟ ಅಂದ್ರೆ ರಾತ್ರಿನೇ ಆಗ್ಬೇಕು ಅಂತ ಯಾರು ಹೇಳಿದ್ದು. ಯಜಮಾನ್ರು ಲೇಟಾಗಿ ಬಂದ ದಿನ ಅವರ ಊಟ ಹಗುರ ಇರ್ಲಿ, ಸಂಜೆ ಐದಾರಕ್ಕೆ ಆಫೀಸಲ್ಲೇ ಏನಾದ್ರೂ ಗಟ್ಟಿ ತಿಂದಿದ್ರೆ ರಾತ್ರಿ ಕೈ ಬಿಗಿ ಹಿಡಿಯೋದು ಸುಲಭ.

ಎರಡೂ ಬೆರೆಸೋದು ಮೂರನೇದು, ವಾರದಲ್ಲಿ ಎರಡು ಸಂಜೆ ಬ್ರೆಡ್ಡು, ಮಿಕ್ಕಿದ್ದು ಅನ್ನ, ಚಪಾತಿ, ಮುದ್ದೆ. ನಿಮಗೆ ಸುಸ್ತಾದ ದಿನಕ್ಕೆ ಇದು ವರ, ಅಷ್ಟೇ ಅಲ್ಲ, ನಾಳೆ ಅವಳು ಗೆಳತಿ ಮನೆಗೆ ಹೋದಾಗ ಟೇಬಲ್ ಮೇಲಿರೋದನ್ನ ಸಂಕೋಚ ಇಲ್ದೆ ತಿನ್ನೋಕೆ ಬರತ್ತೆ.

ಹೊತ್ತು ಬದಲಾಯಿಸೋದನ್ನ ಒಂದೇ ದಿನ ಮಾಡ್ಬೇಡಿ. ಮೂರು ದಿನಕ್ಕೊಂದ್ಸಲ ಅರ್ಧ ಗಂಟೆ ಹಿಂದಕ್ಕೆ ತನ್ನಿ, ಊಟ ಮತ್ತೆ ಮಲಗೋದು ಎರಡನ್ನೂ, ಎರಡು ಮೂರು ವಾರದಲ್ಲಿ ಬಂದ್ಬಿಡತ್ತೆ. ಬೇಸಿಗೆಲಿ ಒಂಬತ್ತೂವರೆ ತನಕ ಬೆಳಕಿರತ್ತೆ, ಅಲ್ಲಿನ ಕಿಟಕಿಗಳಿಗೆ ಹೊರಗಡೆಯಿಂದ ಇಳಿಯೋ ಶಟರ್ ಇರತ್ತಲ್ಲ, ಅದನ್ನ ಏಳೂವರೆಗೇ ಇಳಿಸಿ. ಮೊದಲ ವಾರ ರಾತ್ರಿ ಎದ್ದು ಹಸಿವು ಅನ್ನಬಹುದು, ಒಂದು ಲೋಟ ಹಾಲು ಕೊಡಿ, ಮತ್ತೆ ಅನ್ನ ಕಲಸೋಕೆ ಹೋಗ್ಬೇಡಿ.

ತುತ್ತು ತಿನ್ನಿಸೋದು, ಇದರ ಬಗ್ಗೆ ನಂಗೆ ಮನಸ್ಸು ಮೆದು. ಚಂದಮಾಮ ತೋರಿಸಿ ಕೈತುತ್ತು ಹಾಕಿಸ್ಕೊಂಡು ಬೆಳೆದವರು ನಾವು, ಅದರಲ್ಲಿ ಇರೋ ಅಕ್ಕರೆನ ಯಾವ ಪುಸ್ತಕವೂ ತಪ್ಪು ಅನ್ನೋಕೆ ಆಗಲ್ಲ. ಆದ್ರೆ ನಾಲ್ಕೂವರೆ ವರ್ಷಕ್ಕೆ ಮೊಬೈಲ್ ನೋಡ್ತಾ ಬಾಯಿ ತೆಗೆಯೋ ಮಗೂಗೆ ತನ್ನ ಹೊಟ್ಟೆ ತುಂಬಿದ್ದು ತನಗೇ ಗೊತ್ತಾಗಲ್ಲ, ಮುಂದೆ ಜಾಸ್ತಿ ತಿನ್ನೋಕೂ ಅದೇ ಕಾರಣ, ಊಟ ಕಂಡ್ರೆ ಓಡೋಕೂ ಅದೇ ಕಾರಣ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ ಒಂದು ಕ್ರಮ ಇದೆ, ನಾನು ವೃತ್ತಿಲಿ ಅದನ್ನೇ ಹೇಳ್ತೀನಿ: ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಕೈಲಿ, ತಿನ್ನೋದಾ ಬೇಡ್ವಾ, ಎಷ್ಟು ಅನ್ನೋದು ಮಗು ಕೈಲಿ. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಬಿಳಿ ಏಪ್ರನ್ ಹಾಕ್ಕೊಂಡು ಪಾತ್ರೆ ತಂದು ಸಹಪಾಠಿಗಳಿಗೆ ಬಡಿಸ್ತಾರೆ, ಟೀಚರೂ ಅದೇ ಕ್ಲಾಸಲ್ಲಿ ಕೂತು ಅದೇ ಊಟ ಮಾಡ್ತಾರೆ, 1954ರಲ್ಲೇ ಶಾಲೆ ಊಟಕ್ಕೆ ಅಲ್ಲಿ ಕಾನೂನು ಬಂತು. ಬಡಿಸೋ ಕೆಲಸ ಮಗು ಕೈಗೆ ಕೊಟ್ರೆ ತಿನ್ನೋ ಆಸೆ ತಾನಾಗೇ ಬರತ್ತೆ ಅನ್ನೋದನ್ನ ನಾನು ಬೇಕಾದಷ್ಟು ಮನೆಲಿ ನೋಡಿದೀನಿ. ನೀವೂ ಸೌಟು ಅವಳ ಕೈಗೆ ಕೊಡಿ. ಕಲಸಿ ತುತ್ತು ಮಾಡೋಕೆ ಅವಳಿಗೇ ಕಲಿಸಿ, ಮನೇಲಿ ಕೈ, ಕಿಟಾದಲ್ಲಿ ಫೋರ್ಕು, ಮಕ್ಕಳಿಗೆ ಎರಡು ಭಾಷೆ ಬರೋ ಹಾಗೆ ಇದೂ ಬರತ್ತೆ. ಬೆರಳ ತುದಿಲಿ ಜೀರ್ಣಶಕ್ತಿ ಇದೆ ಅಂತೆಲ್ಲ ಹೇಳೋದಕ್ಕೆ ಆಧಾರ ಇಲ್ಲ, ಕೈ ತೊಳೆದು ತಿಂದ್ರೆ ಕೈಯೂ ಒಂದೇ ಚಮಚವೂ ಒಂದೇ. ಹಬ್ಬದ ದಿನ, ಹುಷಾರಿಲ್ಲದ ದಿನ ಕೈತುತ್ತು ಹಾಕಿ, ಮೊಬೈಲ್ ಮಾತ್ರ ಬೇಡ.

ನಮ್ಮೂಟ ಮರೆತ್ಬಿಡ್ತಾಳಾ ಅಂತ ಕೇಳಿದ್ರಿ. ಈ ವಯಸ್ಸಲ್ಲಿ ಹೊಸ ರುಚಿ ಒಪ್ಪೋಕೆ ಮಗು ಹತ್ತು ಹದಿನೈದು ಸಲ ಅದನ್ನ ನೋಡ್ಬೇಕು, ಮೂಸ್ಬೇಕು, ಒಂದು ಚೂರು ನಾಲಿಗೆಗೆ ಹಾಕ್ಬೇಕು, ಅದು ಹಾಗಲಕಾಯಿಗೂ ನಿಜ, ಜರ್ಮನ್ ಚೀಸಿಗೂ ನಿಜ. ಮನೇಲಿ ದಿನಾ ಕಾಣೋ ಹುಳಿ, ಪಲ್ಯ, ಚಟ್ನಿಪುಡಿನ ಅವಳು ಮರೆಯಲ್ಲ. ಬೆಳಿಗ್ಗೆ ಡಬ್ಬಿಗೆ ತುಪ್ಪ ಚಟ್ನಿಪುಡಿ ಸವರಿದ ಇಡ್ಲಿ ತುಂಡು ಧಾರಾಳವಾಗಿ ಹಾಕಿ, ಕಿಟಾಗಳು ಬೇಡ ಅನ್ನೋದು ಹೆಚ್ಚಾಗಿ ಸಿಹಿ ತಿಂಡಿನ, ಕೆಲವು ಕಡೆ ಕಡ್ಲೆಬೀಜ ಬಾದಾಮಿಯಂಥದನ್ನ.

ಸಸ್ಯಾಹಾರಿಗಳು ಅಂದ್ರಿ, ಎರಡು ಮೂರು ವಿಷಯ ಬೇಗ ಹೇಳ್ತೀನಿ. ನಮ್ಮಲ್ಲಿ ಅಡುಗೆ ಉಪ್ಪಿಗೆ ಅಯೋಡಿನ್ ಸೇರಿಸೋದು ಕಡ್ಡಾಯ, ಜರ್ಮನಿಲಿ ಅಲ್ಲ, ಅಂಗಡಿಲಿ ಯೋಡ್‌ಸಾಲ್ಟ್ಸ್ ಅಂತ ಬರೆದಿರೋದನ್ನೇ ತಗೊಳ್ಳಿ. ಅಕ್ಟೋಬರಿಂದ ಮಾರ್ಚ್ ತನಕ ಅಲ್ಲಿನ ಬಿಸಿಲಿಗೆ ವಿಟಮಿನ್ ಡಿ ಆಗಲ್ಲ, ನಮ್ಮ ಮೈಬಣ್ಣಕ್ಕಂತೂ ಇನ್ನೂ ಕಮ್ಮಿ, ಮಕ್ಕಳ ಡಾಕ್ಟರ ಹತ್ರ ಮಗಳಿಗೂ ನಿಮಗೂ ಎಷ್ಟು ಬೇಕು ಅಂತ ಕೇಳಿ. ಬಿ12 ಒಂದ್ಸಲ ಮೂವರೂ ಚೆಕ್ ಮಾಡಿಸಿ. ಊಟದ ಜೊತೆ ಟೀ ಕುಡಿಯೋ ಅಭ್ಯಾಸ ಇದ್ರೆ ಬಿಡಿ, ಕಬ್ಬಿಣ ಹಿಡಿಯಲ್ಲ, ಬೇಳೆ ಮೇಲೆ ನಿಂಬೆಹಣ್ಣು ಹಿಂಡಿದ್ರೆ ಹಿಡಿಯತ್ತೆ.

ಇನ್ನು ಅತ್ತೆ, ನಿಮ್ಮ ಪತ್ರದಲ್ಲಿ ನಂಗೆ ಹೆಚ್ಚು ಕಾಳಜಿ ಆಗಿದ್ದು ಅವರದ್ದು. ಸಂಜೆ ದೀಪ ಹಚ್ಚಿ ಊಟ ಮಾಡೋರು ಅವರು, ಮೈಸೂರಲ್ಲಿ ಜೂನಲ್ಲಿ ಏಳರ ಸುಮಾರಿಗೆ ಕತ್ತಲಾಗತ್ತೆ, ಸ್ಟುಟ್‌ಗಾರ್ಟಲ್ಲಿ ಸೂರ್ಯ ಮುಳುಗೋದೇ ಒಂಬತ್ತೂವರೆಗೆ. ಸೂರ್ಯನ್ನ ಕಾಯ್ತಾ ಕೂತ್ರೆ ಮಧ್ಯಾಹ್ನದ ಊಟಕ್ಕೂ ರಾತ್ರಿದಕ್ಕೂ ಎಂಟು ಒಂಬತ್ತು ಗಂಟೆ ಅಂತರ ಆಗ್ಬಿಡತ್ತೆ. ಅವರು ತಗೋಳೋ ಮಾತ್ರೆ ಯಾವುದು ಅಂತ ನೋಡಿ. ಮೆಟ್‌ಫಾರ್ಮಿನ್ ಒಂದೇ ಆದ್ರೆ ಶುಗರ್ ತೀರಾ ಇಳಿಯೋದು ಅಪರೂಪ. ಗ್ಲಿಮೆಪಿರೈಡ್ ಥರದ್ದು ಇದ್ರೆ ಅದು ಹೊಟ್ಟೆಗೆ ಊಟ ಬಿತ್ತೋ ಇಲ್ವೋ ನೋಡದೆ ಇನ್ಸುಲಿನ್ ಹೊರಡಿಸತ್ತೆ, ಊಟ ತಡ ಆದ್ರೆ ಬೆವರು, ಕೈ ನಡುಕ, ಕಣ್ಣು ಕತ್ತಲೆ ಬರಬಹುದು. ಏಕಾದಶಿ ಉಪವಾಸ ಇದ್ರಂತೂ ಇನ್ನೂ ಎಚ್ಚರ. ಬರೋ ದಿನ ವಿಮಾನದಲ್ಲಿ ಅವರ ದಿನ ಮೂರೂವರೆ ಗಂಟೆ ಉದ್ದ ಆಗತ್ತೆ, ಅವತ್ತು ಮಾತ್ರೆ ಹೇಗೆ ತಗೋಬೇಕು ಅಂತ ಹೊರಡೋ ಮುಂಚೆನೇ ಅವರ ಡಾಕ್ಟರ ಹತ್ರ ಬರೆಸ್ಕೊಳ್ಳೋಕೆ ಹೇಳಿ, ಡೋಸು ನೀವಾಗಿ ನೀವೇ ಬದಲಾಯಿಸ್ಬೇಡಿ. ಗ್ಲುಕೋಮೀಟರ್ ಜೊತೆಗೆ ತರ್ಲಿ, 70ಕ್ಕಿಂತ ಕೆಳಗೆ ಬಂದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಪ್ರಜ್ಞೆ ಮಂಕಾಗಿದ್ರೆ ಬಾಯಿಗೆ ಏನೂ ಹಾಕ್ಬೇಡಿ, 112ಕ್ಕೆ ಫೋನ್ ಮಾಡಿ. ದೀಪಕ್ಕೆ ಒಂದು ದಾರಿ ಇದೆ, ಆರು ಗಂಟೆಗೆ ಮೊಮ್ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಗಡಿಯಾರದ ಹೊತ್ತಿಗೆ ದೀಪ ಹಚ್ಚಲಿ, ಶ್ಲೋಕ ಹೇಳಿಕೊಡ್ಲಿ, ಆಮೇಲೆ ಇಬ್ರೂ ಒಟ್ಟಿಗೆ ಊಟಕ್ಕೆ ಏಳ್ಲಿ. ನೀವು ಇದನ್ನ ಹೇಳೋವಾಗ "ಡಾಕ್ಟರ್ ಹೇಳಿದಾರೆ" ಅನ್ನೋದಕ್ಕಿಂತ "ನಿಮ್ಮ ಜೊತೆ ಕೂತ್ರೆ ಅವಳು ಉಣ್ತಾಳೆ ಅತ್ತೆ" ಅಂದ್ರೆ ಒಪ್ಕೋತಾರೆ, ಅದು ನಿಜವೂ ಹೌದು.

ಮಗಳ ತೂಕ ಎತ್ತರದ ರೇಖೆ ಅಲ್ಲಿನ ಮಕ್ಕಳ ಡಾಕ್ಟರ್ ಕೊಡೋ ಹಳದಿ ಪುಸ್ತಕದಲ್ಲಿ ಇರತ್ತೆ, ತೆಗೆದು ನೋಡಿ. ರೇಖೆ ತನ್ನ ಪಾಡಿಗೆ ಏರ್ತಾ ಇದ್ರೆ ಒಂದೊಂದು ದಿನ ಅವಳು ಕಮ್ಮಿ ತಿಂದಿದ್ದಕ್ಕೆ ಚಿಂತೆ ಬೇಡ, ಐದು ತುಂಬಿದ ಮೇಲೆ ಯು9 ಅನ್ನೋ ತಪಾಸಣೆ ಬರತ್ತೆ, ಆಗ ಕೇಳಿದ್ರೆ ಸಾಕು. ರೇಖೆ ಕೆಳಗೆ ಜಾರಿದ್ರೆ, ಮುಖ ಬಿಳಿಚಿಕೊಂಡಿದ್ರೆ, ಸುಣ್ಣ ಮಣ್ಣು ತಿನ್ನೋಕೆ ಹೋದ್ರೆ, ನುಂಗೋವಾಗ ಕೆಮ್ಮು ವಾಂತಿ ಪದೇ ಪದೇ ಆದ್ರೆ, ಅಥವಾ ರಾತ್ರಿ ಹತ್ತು ಗಂಟೆ ನಿದ್ದೆ ಸಿಕ್ಕಿ ಒಂದು ತಿಂಗಳಾದ್ರೂ ಮಂಕು ಹೋಗದಿದ್ರೆ, ಆ ತಪಾಸಣೆ ತನಕ ಕಾಯದೆ ಅದೇ ವಾರ ತೋರಿಸಿ, ರಕ್ತದಲ್ಲಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸತ್ತೆ) ಕೂಡ ನೋಡೋಕೆ ಕೇಳಿ.